ನೆಲದಿಂದ ಅಳೆದವನು

ಸಮುದ್ರದ ಕಡೆಯ ಆ ತಗ್ಗು ಬೀದಿಯಲ್ಲಿ ಟೆಸ್ಟರಣ್ಣ ಕಾಲಿಡದ ಮನೆಯೇ ಇರಲಿಲ್ಲ. ಹುಟ್ಟಿದಾಗ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಮಾತ್ರ ಉಳಿದಿತ್ತು. ಅಂಗಿಯ ಜೇಬಿನಲ್ಲಿ ಪೆನ್ನಿನ ಹಾಗೆ ಸದಾ ಸಿಕ್ಕಿಸಿಕೊಂಡಿರುತ್ತಿದ್ದ, ಕರೆಂಟಿದೆಯೇ ಎಂದು ನೋಡುವ ಟೆಸ್ಟರೇ ಅವನ ಹೆಸರಾಗಿ ಹೋಗಿತ್ತು. ಮದುವೆಯ ಫೋಟೋದಲ್ಲೂ ಅದರ ಹಳದಿ ತಲೆ ಜೇಬಿನಿಂದ ಇಣುಕುತ್ತಿದೆ. "ನನಗಿಂತ ಮೊದಲೇ ಇದನ್ನ ಕಟ್ಕೊಂಡಿದ್ರು, ನಾನು ಎರಡನೆಯವಳು" ಎಂದು ಹೆಂಡತಿ ಇರುವವರೆಗೂ ಅಣಕಿಸುತ್ತಿದ್ದಳು. ಅವಳು ಹೋದ ಮೇಲೆ ಅವನಿಗೆ ಉಳಿದವಳು ಮಗಳೊಬ್ಬಳೇ.

ಅವನು ವಯರಿಂಗ್ ಕೆಲಸಕ್ಕೆ ಇಳಿದ ಮೂವತ್ತೊಂದು ವರ್ಷಗಳಲ್ಲಿ ಸಮುದ್ರ ಆ ಬೀದಿಗೆ ಮೂರು ಸಲ ನುಗ್ಗಿತ್ತು. ನೀರು ಇಳಿದ ಮೇಲೆ ಮೊದಲು ಕೆಸರು ಬಾಚುವವರು ಬರುತ್ತಿದ್ದರು, ಆಮೇಲೆ ಗಾರೆಯವರು, ಎಲ್ಲರದೂ ಮುಗಿದ ಮೇಲೆ ಟೆಸ್ಟರಣ್ಣ. ನೀರು ಕುಡಿದ ಪ್ಲಗ್ ಪಾಯಿಂಟುಗಳನ್ನು ಕಿತ್ತು ಗೋಡೆಯ ಮೇಲೆ ಇನ್ನೂ ಎತ್ತರಕ್ಕೆ ಕೂರಿಸುವುದು ಅವನ ಕೆಲಸ. ಟೇಪಿನ ತುದಿಯನ್ನು ಕಾಲಿನ ಹೆಬ್ಬೆರಳಿನಿಂದ ನೆಲಕ್ಕೆ ಒತ್ತಿ ಹಿಡಿದು, ಸರ್ರನೆ ಮೇಲಕ್ಕೆಳೆದು, ಕಿವಿಯ ಮೇಲಿನ ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ. ಅವನ ಕಸುಬಿನಲ್ಲಿ ಎಲ್ಲ ಅಳತೆಯೂ ನೆಲದಿಂದಲೇ ಶುರು.

ಹೀಗಾಗಿ ನೀರಿನ ವಿಷಯದಲ್ಲಿ ಬೀದಿಗೆ ಅವನು ಹೇಳಿದ್ದೇ ಕೊನೆಯ ಮಾತು. ಇಲ್ಲೇ ಇರೋಣವೋ ಬಿಡೋಣವೋ ಎಂದು ಯಾರಾದರೂ ಹಿಂದೆಮುಂದೆ ನೋಡಿದರೆ ಅವನನ್ನೇ ಕೇಳುತ್ತಿದ್ದರು. ಅವನು ತಡವರಿಸದೆ ಹೇಳುತ್ತಿದ್ದ: "ಮೊಣಕಾಲು ದಾಟಲ್ಲ ಬಿಡಿ. ಮೂರು ಸಲಾನೂ ನಾನೇ ಅಳೆದಿದೀನಿ. ಹದಿನೆಂಟು ಇಂಚು, ಹೆಚ್ಚಂದ್ರೆ ಇಪ್ಪತ್ತು. ಪ್ಲಗ್ಗು ಸೊಂಟಕ್ಕಿದ್ರೆ ಹೆದರಿಕೆ ಏನು?" ಗಂಟುಮೂಟೆ ಕಟ್ಟಿದವರು ಆ ಮಾತು ನಂಬಿ ಗಂಟು ಬಿಚ್ಚಿದ್ದರು. ಹೊಸಬರು ಬಂದು ಸೇರಿಕೊಂಡಿದ್ದರು.

ಈಗ ಸೇರಿಕೊಳ್ಳಲು ಹೊರಟಿದ್ದವಳು ಅವನ ಮಗಳು.

ಮಗಳು ಬಂದರಿನ ಪಕ್ಕದ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಅಳಿಯ ದೋಣಿಗಳ ಇಂಜಿನ್ ರಿಪೇರಿ ಮಾಡುವವನು. ಇಬ್ಬರಿಗೂ ಕೆಲಸ ಕಾಲ್ನಡಿಗೆಯ ದೂರದಲ್ಲಿತ್ತು. ಅವಳಿಗೆ ಏಳು ತಿಂಗಳು ತುಂಬಿತ್ತು. ಈಗಿರುವ ಮೂರನೇ ಮಹಡಿಯ ಮೆಟ್ಟಿಲು ಹತ್ತುವಾಗ ನಡುವೆ ಎರಡು ಕಡೆ ಕೂರಬೇಕಾಗುತ್ತಿತ್ತು. ಪೋಸ್ಟಮ್ಮನ ಮನೆ ಮಾರಾಟಕ್ಕಿದೆ ಎಂದು ತಿಳಿದಾಗ ಗಂಡಹೆಂಡತಿ ಇಬ್ಬರೂ ಕುಣಿದುಬಿಟ್ಟರು. ಪೋಸ್ಟಮ್ಮ ಎಂದರೆ ಅಂಚೆ ಕಚೇರಿಯಲ್ಲಿ ದುಡಿದು ನಿವೃತ್ತಳಾದ ಒಂಟಿ ಹೆಂಗಸು. ಗಿಡ್ಡ ಆಳು, ಉದ್ದ ನಾಲಿಗೆ. ತಮ್ಮನ ಊರಿಗೆ ಹೋಗಬೇಕೆಂದು ತಯಾರಾಗಿ ಕೂತಿದ್ದಳು.

"ಅಪ್ಪ ಒಂದ್ಸಲ ನೋಡಿ ಹೂಂ ಅಂದ್ರೆ ಮುಗೀತು" ಎಂದಿದ್ದಳು ಮಗಳು. ಹೂಂ ಅನ್ನಲಿಕ್ಕೇ ಅವನು ಆ ಭಾನುವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸಿ, ಮಗಳು ಅಳಿಯನ ಜೊತೆ ಬಂದಿದ್ದ.

ಬಾಗಿಲಲ್ಲಿ ಅಳಿಯನ ಹಣೆ ಚೌಕಟ್ಟಿಗೆ ಠಪ್ಪೆಂದು ಬಡಿಯಿತು.

"ನಂಗೆ ಇಷ್ಟು ವರ್ಷದಲ್ಲಿ ಒಂದು ದಿನಾನೂ ತಾಗಿಲ್ಲಪ್ಪ" ಎಂದಳು ಪೋಸ್ಟಮ್ಮ. "ಬಗ್ಗಿ ಬರೋದು ಕಲ್ತುಕೋ. ಹೆಂಡ್ತಿ ಮನೇಲಿ ಹೇಗೂ ಬಗ್ಗಲೇಬೇಕು."

"ಮಾವ ಮೊದಲೇ ಬಗ್ಗಿಸಿ ಇಟ್ಟಿದಾರೆ, ಆಂಟಿ" ಎಂದು ಅಳಿಯ ಹಣೆ ಉಜ್ಜಿಕೊಂಡ. ಎಲ್ಲರೂ ನಕ್ಕರು. ಟೆಸ್ಟರಣ್ಣನೂ ನಕ್ಕ.

ಬೋರ್ಡುಗಳೆಲ್ಲ ಸರಿಯಿದ್ದವು, ಅವನದೇ ಕೈಕೆಲಸ. ಆದರೆ ಕರೆಂಟನ್ನು ಮಣ್ಣಿಗಿಳಿಸುವ ಅರ್ಥಿಂಗ್ ಸತ್ತಿತ್ತು. ಉಪ್ಪು ನೀರು ತಿಂದು ತಂತಿ ಪುಡಿಯಾಗಿತ್ತು. ಹೊಸದನ್ನು ಅಡುಗೆಮನೆಯ ಮೂಲೆಯಿಂದ ನೆಲದಡಿ ಹಾಯಿಸಿ ಹೊರಗೆ ಕೊಂಡೊಯ್ಯಬೇಕಿತ್ತು. "ಒಂದು ಟೈಲ್ಸ್ ಎಬ್ಬಿಸ್ತೀನಿ ಅಮ್ಮಾ" ಎಂದ. "ನಾಳೆಯಿಂದ ನಿಮ್ದೇ ಮನೆ. ನಾಲ್ಕು ಎಬ್ಬಿಸು" ಎಂದಳು ಪೋಸ್ಟಮ್ಮ.

ಗೋಡೆಗೆ ಒತ್ತಿ ಉಳಿ ಇಟ್ಟು ಬಡಿದ. ಟೈಲ್ಸ್ ಎದ್ದಿತು. ಕೆಳಗೆ ಮಣ್ಣು ಸಿಗಬೇಕಿತ್ತು, ಸಿಗಲಿಲ್ಲ. ಒಂದು ಅಡಿ ಮರಳು, ಅದರಡಿ ಇನ್ನೊಂದು ನೆಲ: ಹಸಿರು ಚುಕ್ಕೆಯ ಹಳೆಯ ಟೈಲ್ಸ್. ಅದನ್ನೂ ಒಡೆದ. ಮತ್ತೆ ಮರಳು, ಒಂಬತ್ತು ಇಂಚು. ಅದು ಒದ್ದೆಯಾಗಿತ್ತು. ಬೇಸಿಗೆಯ ನಡುವೆ, ಮಳೆ ಬಿದ್ದು ತಿಂಗಳುಗಳಾಗಿದ್ದರೂ ಹಿಂಡಿದರೆ ಬೆರಳಸಂದಿಯಿಂದ ನೀರಿಳಿಯುವಷ್ಟು ಒದ್ದೆ. ಅದರ ತಳದಲ್ಲಿ ಕೆಂಪು ಗಾರೆಯ ನೆಲ.

ಆ ಗುಂಡಿಯೊಳಗೆ, ಕೆಂಪು ನೆಲದಿಂದ ಅರ್ಧ ಗೇಣು ಮೇಲೆ, ಗೋಡೆಯಲ್ಲಿ ಮರದ ಪುಟ್ಟ ಪೆಟ್ಟಿಗೆಯೊಂದು ಕೂತಿತ್ತು. ಟೆಸ್ಟರಣ್ಣ ನೆಲಕ್ಕೆ ಬೋರಲು ಮಲಗಿ, ಕೈ ಇಳಿಸಿ ಮರಳು ಒರೆಸಿದ. ವಯರು ಕಿತ್ತು ಹಾಗೇ ಬಿಟ್ಟ ಹಳೆಯ ಪ್ಲಗ್ ಪಾಯಿಂಟು. ನಾಲ್ಕು ಸ್ಕ್ರೂಗಳ ಸೀಳೂ ಒಂದೇ ದಿಕ್ಕಿಗೆ, ನೇರ ನಿಂತಿದ್ದವು. ಹಾಗೆ ನಿಲ್ಲಿಸುವ ಹುಚ್ಚು ಆ ಊರಲ್ಲಿ ಅವನೊಬ್ಬನಿಗೇ ಇದ್ದದ್ದು. ಅವನು ಸ್ವಂತವಾಗಿ ಮಾಡಿದ ಮೊದಲ ವರ್ಷದ ಕೆಲಸ ಅದು.

ನೆಲ ಎತ್ತಿಸಿದ್ದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಮೊದಲ ಎರಡು ನೆರೆಗಳ ನಂತರ ಒಂದೆರಡು ವರ್ಷದಲ್ಲಿ ರಸ್ತೆ ಒಂದಿಷ್ಟು ಏರಿತ್ತು, ರಸ್ತೆಯ ಜೊತೆ ಮನೆಗಳ ನೆಲವೂ ಏರಿತ್ತು. ಇಡೀ ಬೀದಿಯೇ ಒಟ್ಟಿಗೆ ಏರಿದರೆ ಏರಿದ್ದು ಯಾರ ಕಣ್ಣಿಗೆ ಬಿದ್ದೀತು? ಅವನು ಗಾರೆಯವರು ಮುಗಿಸಿ ಹೋದ ಮೇಲೆ ಬರುವವನು. ಮುಂದಿನ ನೆರೆಗೆ ಬಂದಾಗ ಎದುರಿಗಿದ್ದ ಹೊಸ ನೆಲಕ್ಕೆ ಹೆಬ್ಬೆರಳು ಒತ್ತಿದ್ದ, ಅಳೆದಿದ್ದ, ಹೋಗಿದ್ದ. ಹಳೆಯದನ್ನು ಹೊಸದಕ್ಕೆ ಒಮ್ಮೆಯೂ ಕೂಡಿಸಿ ನೋಡಿರಲಿಲ್ಲ.

ಈಗ ಟೇಪನ್ನು ಗುಂಡಿಯ ತಳಕ್ಕೆ ಇಳಿಸಿದ. ಕೆಂಪು ನೆಲದಿಂದ ಕಾಲಬುಡದ ನೆಲಕ್ಕೆ ಇಪ್ಪತ್ತೊಂದು ಇಂಚು. ಕಳೆದ ನೆರೆಯಲ್ಲಿ ಈ ಮೇಲಿನ ನೆಲದ ಮೇಲೆ ಅವನೇ ಅಳೆದ ನೀರು ಹತ್ತೊಂಬತ್ತು. ಎರಡೂ ಸೇರಿದರೆ ನಲವತ್ತು. ಮೊದಲ ನೆರೆಯಲ್ಲಿ ಇದೇ ಕೆಂಪು ನೆಲದ ಮೇಲೆ ಹದಿನೆಂಟೇ ಇದ್ದದ್ದು.

ಅವನು ಬಾಗಿಲ ಕಡೆ ನೋಡಿದ. ಅದರ ಚೌಕಟ್ಟು ಮೊದಲು ಏಳು ಅಡಿ ಇತ್ತು, ಈಗ ಐದೂಕಾಲು. ಮನೆ ಇವರ ಕಾಲಡಿಯಿಂದ ಗಿಡ್ಡವಾಗುತ್ತ ಬಂದಿತ್ತು. ಇನ್ನೊಂದು ಸಲ ಎತ್ತಿಸಿದರೆ ಪೋಸ್ಟಮ್ಮನೂ ಬಗ್ಗಬೇಕಾಗುತ್ತಿತ್ತು. ಅದರ ಮುಂದಿನ ಸಲ ಎತ್ತಿಸಲು ಜಾಗವಿರಲಿಲ್ಲ.

"ಈ ಮನೆ ಬೇಡ ಮಗಾ" ಎಂದ.

ಮಗಳು ಗುಂಡಿಯ ಪಕ್ಕ ಕಷ್ಟಪಟ್ಟು ಕುಳಿತಳು. ಅವನು ಟೇಪು ಹಿಡಿದು ಒಂದೊಂದೇ ನೆಲ ತೋರಿಸಿ ಹೇಳಿದ. ಅವಳು ಕೊನೆಯವರೆಗೂ ಕೇಳಿದಳು.

"ಇದೊಂದೇ ಮನೇನಾ, ಬೀದಿ ಪೂರ್ತಿ ಹೀಗೇನಾ?"

"ಪೂರ್ತಿ."

"ಅವರಿಗೆಲ್ಲ ಮೊಣಕಾಲು ದಾಟಲ್ಲ ಅಂದೋನು ನೀನೇ ಅಲ್ವಾ ಅಪ್ಪ?"

ಅವನು ಟೇಪು ಸುತ್ತತೊಡಗಿದ.

"ಅವರಿಗೊಂದು ಮಾತು, ಮಗಳಿಗೊಂದು ಮಾತಾ? ಹೋಗಿ ಅವರಿಗೂ ಹೇಳು. ಅವರು ಏನ್ ಮಾಡ್ತಾರೆ ನೋಡ್ತೀನಿ. ಆಮೇಲೆ ನಾನು ಹೇಳ್ತೀನಿ."

"ಬಿಸಿಲಲ್ಲಿ ಮಾವನ್ನ ಯಾಕೆ ಓಡಿಸ್ತೀಯೇ?" ಎಂದ ಅಳಿಯ.

"ಇರಲಿ ಬಿಡು" ಎಂದು ಟೆಸ್ಟರಣ್ಣ ಹೊರಟ.

ಎದುರು ಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿಸಿಕೊಂಡ. "ಸರಿ ಟೆಸ್ಟರಣ್ಣ, ಹಾಗಾದ್ರೆ ಬೋರ್ಡು ಎದೆ ಮಟ್ಟಕ್ಕೆ ಎತ್ತಿಬಿಡು. ಬುಧವಾರ ಬರ್ತೀಯಾ?"

"ಬೋರ್ಡಿನ ಮಾತಲ್ಲ ಮಾರಾಯ. ನೀನು ಮುಳುಗೋ ಮಾತು."

"ನಾನು ಎಲ್ಲಿ ಹೋಗಲಿ ಹೇಳು? ಗಿರಾಕಿ ಎಲ್ಲ ಇಲ್ಲೇ ಇದಾರೆ."

ಮೂಲೆಯ ಮನೆಯ ಬಾಣಂತಿ, ಮಗುವನ್ನು ಭುಜಕ್ಕೆ ಹಾಕಿ ತಟ್ಟುತ್ತಲೇ ನಕ್ಕಳು. "ಏನಣ್ಣ, ಮದುವೆಗೆ ಮುಂಚೆ ಈ ಬೀದಿಗೆ ಹೆಣ್ಣು ಕೊಡಿ ಅಂತ ನಮ್ಮಪ್ಪನಿಗೆ ಧೈರ್ಯ ಹೇಳಿದೋನು ನೀನು! ಈಗ ಹೆದರಿಸೋಕೆ ಬಂದಿದೀಯಾ? ಫ್ರಿಜ್ಜಿನ ಪ್ಲಗ್ಗು ಮಾತ್ರ ಮೇಲೆ ಮಾಡ್ಕೊಡು, ಸಾಕು." ಅವಳ ಮಾವ ಒಳಗಿನಿಂದಲೇ ಕೂಗಿದ: "ಅವನಿಗೆ ಕೆಲಸ ಕಮ್ಮಿಯಾಗಿದೆ ಕಣಮ್ಮ, ಅದಕ್ಕೇ!"

ಪೂರ್ತಿ ಅರ್ಥ ಮಾಡಿಕೊಂಡವರು ಮೂರನೆಯ ಮನೆಯ ಮೇಷ್ಟ್ರು ಒಬ್ಬರೇ. ಟೇಪನ್ನು ಕೈಗೆ ತೆಗೆದುಕೊಂಡು ತಮ್ಮ ಬಾಗಿಲನ್ನು ತಾವೇ ಅಳೆದರು. ಬಹಳ ಹೊತ್ತು ಆ ಅಂಕಿಯನ್ನೇ ನೋಡಿದರು. ಟೇಪು ಸುತ್ತಿ ಹಿಂದೆ ಕೊಟ್ಟು, "ಇದನ್ನ ನಮ್ಮ ಮನೆಯವಳಿಗೆ ಹೇಳಬೇಡ" ಎಂದರು.

ಹನ್ನೊಂದು ಮನೆ ಹತ್ತಿ ಇಳಿದ. ನಾಲ್ಕು ಕಡೆ ಕೆಲಸಕ್ಕೆ ಕರೆದರು. ಎರಡು ಕಡೆ ಬಾಗಿಲು ಹಾಕಿಕೊಂಡರು. ಬೀದಿ ಬಿಡುತ್ತೇನೆ ಎಂದವರು ಒಬ್ಬರೂ ಇಲ್ಲ. ಅವನ ಹಳೆಯ ಮಾತು ಗೋಡೆಗೆ ಕೂತ ಗಾರೆಯ ಹಾಗೆ ಒಣಗಿ ಗಟ್ಟಿಯಾಗಿತ್ತು. ಅದನ್ನು ಕೂರಿಸಿದವನೇ ಬಂದು ಕೆದಕಿದರೂ ಉದುರುತ್ತಿರಲಿಲ್ಲ. ಹಿಂದಿರುಗುವಾಗ ಚರಂಡಿಯ ಜಾಲರಿಯಿಂದ ನೀರು ಗುಳುಗುಳು ಎಂದು ಮೇಲಕ್ಕೆ ಬರುತ್ತಿತ್ತು. ಆಕಾಶದಲ್ಲಿ ಮೋಡದ ತುಣುಕಿರಲಿಲ್ಲ. ಬಗ್ಗಿ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ. ಉಪ್ಪು.

ಮಗಳು ಗುಂಡಿಯ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದಳು.

"ಏನಂದ್ರು?"

"ಇನ್ನೂ ಎತ್ತರಕ್ಕೆ ಹಾಕು ಅಂದ್ರು."

ಅಳಿಯ ನಗಲು ಹೊರಟವನು ಹೆಂಡತಿಯ ಮುಖ ನೋಡಿ ನಿಲ್ಲಿಸಿದ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಗುಂಡಿಯ ಕಡೆ ನೋಡಿದಳು.

"ಇಲ್ಲಿ ಬಂದು ಸೇರಿದ್ರೆ ನಾಳೆ ನಾನೂ ಅದನ್ನೇ ಅಂತೀನಿ, ಅಲ್ವಾ ಅಪ್ಪ?" ಎಂದಳು. "ಎದ್ದೇಳ್ರಿ, ಹೋಗೋಣ. ಮೆಟ್ಟಿಲು ಹತ್ತಿದ್ರಾಯ್ತು."

ಪೋಸ್ಟಮ್ಮ ಕಟ್ಟಿಟ್ಟ ಪೆಟ್ಟಿಗೆಗಳ ನಡುವೆ ನಿಂತಿದ್ದಳು. "ನೆಲ ಎತ್ತಿಸಿದ್ದನ್ನ ನಾನೇನೂ ಮುಚ್ಚಿಡಲಿಲ್ಲ. ಯಾರೂ ಕೇಳಲಿಲ್ಲ" ಎಂದಳು. ಆಮೇಲೆ, "ನಿಮಗೆ ಬೇಡ ಅಂದ್ರೆ ನಾನೆಲ್ಲಿ ಹೋಗಲಿ? ಇದು ಮಾರಿದ್ರೆ ತಾನೇ ನಂಗೆ ದಾರಿ?"

ಟೆಸ್ಟರಣ್ಣ ಉಳಿ, ಸುತ್ತಿಗೆ ಚೀಲಕ್ಕೆ ಹಾಕತೊಡಗಿದ.

"ಆ ಗುಂಡಿ ಮುಚ್ಚಿ ಹೋಗು" ಎಂದಳು ಅವಳು. "ಮಂಗಳವಾರ ಬೇರೆಯವರು ನೋಡೋಕೆ ಬರ್ತಾರೆ. ಗಂಡ ಹೆಂಡತಿ, ಎರಡು ಸಣ್ಣ ಮಕ್ಕಳು."

"ಮುಚ್ಚಲ್ಲ ಅಮ್ಮಾ. ಅವರು ಬಂದಾಗ ನಾನೇ ಬಂದು ತೋರಿಸ್ತೀನಿ."

"ಎಷ್ಟು ಗಂಟೆಗೆ ಬರ್ತಾರೆ ಅಂತ ನಾನು ಹೇಳಿದ್ರೆ ತಾನೇ?"

ಅವನು ಬಾಗಿಲಲ್ಲಿ ಬಗ್ಗಿ ಹೊರಗೆ ಬಂದು ತಿರುಗಿ ನೋಡಿದ. ಪೋಸ್ಟಮ್ಮ ಮೂಲೆಯಲ್ಲಿ ಸುರುಳಿ ಸುತ್ತಿಟ್ಟಿದ್ದ ಚಾಪೆಯನ್ನು ಕಾಲಿನಿಂದಲೇ ತಳ್ಳಿ ಗುಂಡಿಯ ಮೇಲೆ ಬಿಚ್ಚಿದಳು. ಅದು ಸರಿಯಾಗಿ ಕೂತಿದೆಯೇ ಎಂದು ಒಮ್ಮೆ ನೋಡಿ, ಅಂಚನ್ನು ಗೋಡೆಗೆ ಒತ್ತಿದಳು.