ಚಿದಾನಂದನ ಪಿಕಪ್ಪು

ಹಿಂದಿ ಸೀಮೆಯ ಸೋನಾರ್‌ಪುರದ ರಸ್ತೆಬದಿಯಲ್ಲಿ ನಿಲ್ಲುವ ಆ ಡೀಸೆಲ್ ಪಿಕಪ್ಪು ಮನಸ್ಸಾದ ದಿನ ಸ್ಟಾರ್ಟ್ ಆಗುತ್ತದೆ, ಇಲ್ಲದ ದಿನ ಇಲ್ಲ. ಯಾತ್ರಿಕರ ಲಾಡ್ಜುಗಳಿಗೆ ತರಕಾರಿ ಸಾಗಿಸುವ ಚಿದಾನಂದ ಮಾತ್ರ ಅದರ ಮೇಲೆ ಎಂದೂ ಸಿಟ್ಟಾದವನಲ್ಲ. ಬ್ಯಾಟರಿಯ ತಂತಿ ಉಜ್ಜುತ್ತಾನೆ, ಡೀಸೆಲ್ ಫಿಲ್ಟರಿನಲ್ಲಿ ಸಿಕ್ಕ ಗಾಳಿ ತೆಗೆಯುತ್ತಾನೆ, ಚಳಿಗಾಲದಲ್ಲಿ ಬಾನೆಟ್ಟಿಗೆ ಹೆಂಡತಿಯ ಕಂಬಳಿ ಹೊದಿಸುತ್ತಾನೆ. ಆ ಕಂಬಳಿ ಒಗೆಯುವವಳು, ಗಾಡಿ ಮುಷ್ಕರ ಹೂಡಿದಾಗ ಒಲೆ ಆರಿಸಿ ಬಂದು ತಳ್ಳುವವಳು ಶಕುಂತಲಾ. ರಿಪೇರಿಯ ಮಿಸ್ತ್ರಿ ಬಂದರೆ ಸಾಕು, ಗಾಡಿ ಒಂದೇ ಸಲಕ್ಕೆ ಗುಡುಗುತ್ತದೆ. “ಠೀಕ್ ತೋ ಹೈ, ಭಯ್ಯಾ!” ಸರಿಯಾಗೇ ಇದೆಯಲ್ಲ ಎಂದು ಅವನು ನಕ್ಕರೆ ಚಿದಾನಂದ ಉರಿದುಬೀಳುತ್ತಾನೆ, ನಿನ್ನ ಮುಂದೆ ಕಾಣಿಸಲಿಲ್ಲವೆಂದರೆ ರೋಗವೇ ಇಲ್ಲವೇ ಎಂದು ಹಿಂದಿಯಲ್ಲೇ ಜಗಳಕ್ಕೆ ನಿಲ್ಲುತ್ತಾನೆ. ಶಕುಂತಲೆಗೂ ಆಗಾಗ ಎದೆ ಹಿಡಿದು ಕಣ್ಣು ಕತ್ತಲಿಡುತ್ತದೆ. ಡಾಕ್ಟರು ಇಸಿಜಿ ತೆಗೆದ ದಿನ ಏನೂ ಸಿಗಲಿಲ್ಲ. “ಸುಮ್ನೆ ಹೆದರ್ತೀಯ ಕಣೆ” ಎಂದವನು ಇದೇ ಚಿದಾನಂದ. ಇವತ್ತು ಬೆಳಿಗ್ಗೆ ಗಾಡಿ ತಳ್ಳುತ್ತಿದ್ದವಳು ಎದೆ ಒತ್ತಿಕೊಂಡು ರಸ್ತೆಯಲ್ಲೇ ಕುಸಿದು ಕೂತಳು. “ಡಾಕ್ಟ್ರು ಏನೂ ಇಲ್ಲ ಅಂದಿದ್ರಲ್ಲೇ?” ಎಂದ. “ಅವರೆದುರು ಬರ್ಲಿಲ್ಲ ರೀ, ಅಷ್ಟೆ” ಎಂದಳು. ಚಿದಾನಂದ ಗಾಡಿಯ ಬಾಗಿಲನ್ನೂ ಮುಚ್ಚದೆ ಓಡಿಹೋಗಿ, ಬರುತ್ತಿದ್ದ ಇ-ರಿಕ್ಷಾಕ್ಕೆ ಅಡ್ಡ ನಿಂತ.