ಅಲ್ಲಾಡಿಸಿ ಕೊಂಡ ಲೆನ್ಸು

ನಮ್ಮಪ್ಪ ತೆಂಗಿನಕಾಯಿ ಕೊಳ್ಳುವುದನ್ನು ನೀವೊಮ್ಮೆ ನೋಡಬೇಕು. ಗಾಂಧಿ ಬಜಾರಿನ ಗದ್ದಲದ ನಡುವೆ ಕಾಯಿಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಅದೇನೋ ಗುಟ್ಟು ಹೇಳುತ್ತಿದೆಯೆಂಬಂತೆ ಅಲ್ಲಾಡಿಸುತ್ತಾರೆ. ಆ ಭಂಗಿಯನ್ನು ಅಣಕಿಸಿ ತೋರಿಸಿಯೇ ನಾನು ಎನ್.ಆರ್. ಕಾಲೋನಿಯ ಅರ್ಧ ಮನೆಗಳಲ್ಲಿ ಕಾಫಿ ಸಂಪಾದಿಸಿದವನು.

ನನ್ನ ಅಣಕಕ್ಕೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅಪ್ಪನ ಅಕ್ಕ, ಕಮಲತ್ತೆ. ಸೆರಗು ಬಾಯಿಗೊತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗುವ ಆಕೆ, ನನ್ನ ಕ್ಯಾಮೆರಾ ಕಂಡೊಡನೆ ಮಾತ್ರ ರೇಷನ್ ಕಾರ್ಡಿನ ಮುಖ ಹಾಕಿಕೊಳ್ಳುತ್ತಿದ್ದರು. ಒಂದು ದಿನ ಅವರ ಮೊಮ್ಮಗಳು ಆಲ್ಬಮ್ ತಿರುವುತ್ತಾ, "ಅಜ್ಜಿ, ಎಲ್ಲಾ ಫೋಟೋದಲ್ಲೂ ಯಾರ ಮೇಲೆ ಕೋಪ ನಿಂಗೆ?" ಎಂದು ಕೇಳಿದಳು. ಅತ್ತೆ ಆಲ್ಬಮ್ ಮುಚ್ಚಿಟ್ಟು ಒಳಗೆ ಹೋದರು. ಅಷ್ಟು ನಕ್ಕ ಜೀವಕ್ಕೆ ಒಂದೇ ಒಂದು ಸಾಕ್ಷಿಯಿಲ್ಲವಲ್ಲ! ಆ ನಗುವನ್ನು ಹಿಡಿದೇ ತೀರಬೇಕೆಂದು ಹಟಕ್ಕೆ ಬಿದ್ದೆ. ಹತ್ತಿರ ಹೋದರೆ ಹಾರಿಹೋಗುವ ನಗು ಅದು. ದೂರ ನಿಂತೇ ಹಿಡಿಯಬೇಕು. ಅಂದರೆ ದೂರದ್ದನ್ನು ಹತ್ತಿರಕ್ಕೆಳೆಯುವ ಟೆಲಿಫೋಟೋ ಜೂಮ್ ಲೆನ್ಸು ಬೇಕು. ಅಂದರೆ ಅಪ್ಪ ಬೇಕು.

ಕಾಟನ್‌ಪೇಟೆಯ ಸೆಕೆಂಡ್‌ಹ್ಯಾಂಡ್ ಅಂಗಡಿಯವರು ನಮ್ಮ ಜೇಬಿಗೆ ಎಟುಕುವ ಎರಡನ್ನು ಮುಂದಿಟ್ಟರು. ಒಂದು ಹಗುರ, ಮದುಮಗನಂತೆ ಮಿರಮಿರ ಮಿಂಚುವಂಥದ್ದು. ಇನ್ನೊಂದು ಬಣ್ಣ ಸವೆದ, ರುಬ್ಬುಗುಂಡಿನಂಥ ಲೋಹದ್ದು. ನಾನು ಮದುಮಗನನ್ನು ಮನಸಾರೆ ಒಪ್ಪಿಯಾಗಿತ್ತು. ಅಷ್ಟರಲ್ಲಿ ಅಪ್ಪ ಅದನ್ನೆತ್ತಿ ಕಿವಿಗೆ ಹಿಡಿದು, ಕಣ್ಣು ಮುಚ್ಚಿ, ಅಲ್ಲಾಡಿಸಿಯೇಬಿಟ್ಟರು.

"ಅಯ್ಯೋ ಸಾರ್, ಅದು ಲೆನ್ಸು, ಕಾಯಲ್ಲ!"

"ಗೊತ್ತು ಕಣ್ರೀ. ಕಾಯಿ ಸದ್ದು ಮಾಡ್ಬೇಕು, ಇದು ಮಾಡ್ಬಾರ್ದು. ನಿಮ್ದು ಲೊಟಲೊಟ ಅಂತಿದೆ."

ಹಳೆಯದು ತುಟಿಪಿಟಕ್ಕೆನ್ನಲಿಲ್ಲ. ಕೊಬ್ಬರಿ ನೋಡುವಂತೆ ಅದನ್ನು ಬೆಳಕಿಗೆ ಹಿಡಿದು, ಒಳಗೆ ಬೂಷ್ಟು ಹಿಡಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ಅಪ್ಪ "ಇದೇ" ಎಂದರು. ಬಾಳಿಕೆ ಬರುವುದೆಲ್ಲ ಸದ್ದಿಲ್ಲದೆ ಇರುತ್ತದೆ ಎಂಬ ತತ್ವ ವಾಪಸು ಬರುವಾಗ ಬಸ್ಸಿನಲ್ಲಿ ನನಗೆ ಹೊಳೆಯಿತು. ಹಾಗಾದರೆ ನನ್ನಂಥ ಬಾಯಿಬಡುಕನ ಗತಿಯೇನೆಂದು ಹೆದರಿ, ತತ್ವವನ್ನು ಅಲ್ಲೇ ಇಳಿಸಿಬಂದೆ.

ಶುಕ್ರವಾರ ಬೆಳಿಗ್ಗೆ ಗಾಂಧಿ ಬಜಾರಿನ ಗೆಳೆಯನ ಮನೆಯ ಮಹಡಿಯಲ್ಲಿ ಅಡಗಿ ನಿಂತೆ. ಕೆಳಗೆ, ರಸ್ತೆಯಾಚೆ, ಹೂವಿನವಳ ಮುಂದೆ ಕಮಲತ್ತೆ. ಲೆನ್ಸು ತಿರುಗಿಸಿದಂತೆ ಅವರ ಮುಖ ಕೈಗೆ ಸಿಗುವಷ್ಟು ಹತ್ತಿರ ಬಂತು. ನೋಡುತ್ತೇನೆ, ಅತ್ತೆ ಒಂದು ಕಣ್ಣು ಮುಚ್ಚಿ, ಇನ್ನೊಂದಕ್ಕೆ ಆಗಷ್ಟೇ ಕೊಂಡ ತೆಂಗಿನಕಾಯಿ ಹಿಡಿದು, ಅದನ್ನು ತಿರುಗಿಸುತ್ತಾ, ಮಂಡಿ ಬಗ್ಗಿಸಿ, ನಾಲಗೆಯ ತುದಿ ಹೊರಗೆ ಹಾಕಿದ್ದಾರೆ. ಸಾಕ್ಷಾತ್ ಫೋಟೋ ತೆಗೆಯುವ ನಾನೇ! ಹೂವಿನವಳು ಬಿದ್ದು ಬಿದ್ದು ನಗುತ್ತಿದ್ದಾಳೆ. ಅವಳನ್ನು ನೋಡಿ ಅತ್ತೆಯೂ ಸೆರಗಿನ ಗೊಡವೆಯಿಲ್ಲದೆ ನಕ್ಕರು. ಊರಿಗೆಲ್ಲ ಅಪ್ಪನನ್ನು ಅಣಕಿಸಿ ತೋರಿಸಿದ ನಾನು ನನ್ನ ಅಣಕವನ್ನು ನಾನೇ ಕ್ಲಿಕ್ಕಿಸಿದೆ.

ಪ್ರಿಂಟ್ ಬಂದಾಗ ಮೊಮ್ಮಗಳು, "ಯಾರ್ನ ನೋಡಿ ಅಜ್ಜಿ ಇಷ್ಟೊಂದು ನಗು?" ಎಂದಳು. ಅತ್ತೆ ನನ್ನತ್ತ ಬೆರಳು ತೋರಿಸಿ ಮತ್ತೆ ನಕ್ಕರು; ಈ ಸಲ ಆಲ್ಬಮ್ ತೆರೆದೇ ಇತ್ತು.

ಈಗ ಅಪ್ಪನೂ ನಾನೂ ಜೊತೆಯಾಗಿ ಕಾಯಿ ಕೊಳ್ಳಲು ಹೋದರೆ, ಅವರು ಕಿವಿಗಿಡುತ್ತಾರೆ, ನಾನು ಅತ್ತೆಯಂತೆ ಕಣ್ಣಿಗಿಡುತ್ತೇನೆ. ಅಂಗಡಿಯವಳು ಮಾತ್ರ, "ಇಬ್ರಲ್ಲಿ ಒಬ್ರಾದ್ರೂ ಚೀಲಕ್ಕೆ ಹಾಕ್ಕೊಳ್ಳಿ ಸಾಮಿ" ಎನ್ನುತ್ತಾಳೆ.