ಬೋರಲು ಕೊಡದ ಪಾಠ

ವಿಜ್ಞಾನ ಕಲಿಸುವ ಹುರುಪು ನಿಮಗೆ ಎಲ್ಲಿಂದ ಬಂತು ಎಂದು ಈಗಿನ ತರುಣ ಮಾಸ್ತರರು ಕೇಳುತ್ತಾರೆ. ಯಾರಾದರೊಬ್ಬ ದೊಡ್ಡ ವಿಜ್ಞಾನಿಯ ಹೆಸರು ನಾನು ಹೇಳಲಿ ಎಂದು ಅವರ ಆಸೆ. ನನಗೆ ಅದು ಬಂದದ್ದು ಸಿಟ್ಟಿನಿಂದ, ಅದೂ ನನ್ನ ಮೇಲಿನ ಸಿಟ್ಟಿನಿಂದ.

ನಿಜಾಮರ ಕಾಲ. ಲಿಂಗಸುಗೂರಿನ ಶಾಲೆಯಲ್ಲಿ ನಾನು ಹೊಸ ಮಾಸ್ತರ. ಹುಡುಗರ ಮನೆಮಾತು ಏನೇ ಇರಲಿ, ಪಾಠವೆಲ್ಲ ಉರ್ದುವಿನಲ್ಲಿ. ತನಿಖೆಯ ಸಾಹೇಬರು ಮೆಚ್ಚಿದರೆ ನೌಕರಿ ಖಾಯಂ, ಖಾಯಂ ಆದರೆ ಮದುವೆ. ಮಸ್ಕಿಯಲ್ಲಿ ಹೆಣ್ಣು ಗೊತ್ತಾಗಿತ್ತು. ಖಾಯಂ ಹುಕುಂ ಕೈಗೆ ಬಂದ ಮೇಲೆಯೇ ಮದುವೆಯ ಅಕ್ಕಿಕಾಳು ಎಂದು ಆಕೆಯ ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದರು. ಹೀಗಾಗಿ ನಾನು ಹುಡುಗರಿಗೆ ಪುಸ್ತಕವನ್ನು ಅರೆದು ಕುಡಿಸುತ್ತಿದ್ದೆ. ‘ಹವಾ ಜಗಹ್ ಘೇರ್ತೀ ಹೈ’, ಅಂದರೆ ಗಾಳಿ ಜಾಗ ಹಿಡಿಯುತ್ತದೆ ಎಂದು ಇಡೀ ವರ್ಗ ಒಂದೇ ರಾಗದಲ್ಲಿ ಒಪ್ಪಿಸುತ್ತಿತ್ತು. ಹೆಡ್‌ಮಾಸ್ತರರಿಗೆ ಖುಷಿ. ನನಗೂ.

ಒಂದು ದಿನ ಸುಮ್ಮನೆ ಕೇಳಿದೆ: ಖಾಲಿ ಕೊಡವನ್ನು ಬೋರಲು ಹಿಡಿದು ನೆಟ್ಟಗೆ ನೀರಿಗೆ ಒತ್ತಿದರೆ ತುಂಬುತ್ತದೆಯೇ? ತುಂಬುತ್ತದೆ ಎಂದು ಎಲ್ಲರೂ ಒಟ್ಟಿಗೆ ಹೇಳಿದರು. ಇದೇ ಹುಡುಗರು ದಿನಾ ಸಂಜೆ ಊರ ಹೊರಗಿನ ಮೆಟ್ಟಿಲುಬಾವಿಯಲ್ಲಿ ಬೋರಲು ಕೊಡವನ್ನು ಅಪ್ಪಿಕೊಂಡು ಈಜು ಕಲಿಯುವವರು! ಅದು ತುಂಬುವಂತಿದ್ದರೆ ಎಂದೋ ಮುಳುಗಿರುತ್ತಿದ್ದರು. ಮೈಗೆ ಗೊತ್ತಿದ್ದದ್ದನ್ನು ಅವರು ಚಪ್ಪಲಿಯ ಜೊತೆ ಶಾಲೆಯ ಬಾಗಿಲಲ್ಲೇ ಬಿಟ್ಟು ಬರುತ್ತಿದ್ದರು. ಹಾಗೆ ಬಿಡಿಸಿದವನು ನಾನೇ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಮರುದಿನ ವರ್ಗವನ್ನೇ ಬಾವಿಗೆ ಕರೆದೊಯ್ದೆ. ಒಬ್ಬೊಬ್ಬರೂ ಕೊಡ ಒತ್ತಿದರು, ಅದು ಕೈಯನ್ನು ಮೇಲಕ್ಕೆ ತಳ್ಳಿತು. ಓರೆ ಮಾಡಿದಾಗ ಬುಳುಬುಳು ಎಂದು ಗುಳ್ಳೆ ಬಿಟ್ಟು ತುಂಬಿತು. ನಾನು ಕನ್ನಡದಲ್ಲೇ ವಿವರಿಸಿದೆ. ಸುದ್ದಿ ಹೆಡ್‌ಮಾಸ್ತರರಿಗೆ ಮುಟ್ಟಿತು. ಒಳ್ಳೆಯ ಮನುಷ್ಯ, ನನ್ನ ಚಿಂತೆ ಅವರಿಗೆ.

“ಸಾಹೇಬರು ಬಂದು ಹೋಗೂತನಕ ಈ ಬಾವಿ ಪಾಠ ಬಿಡ್ರಿ. ಮೊದ್ಲ ಮದುವಿ ಮಾಡ್ಕೊಳ್ರಿ, ಆಮ್ಯಾಲ ಏನರ ಮಾಡ್ರಿ” ಎಂದರು.

ಲೋಕರೂಢಿಯಲ್ಲಿ ಅದು ಸರಿಯೇ. ಆದರೆ ಇವತ್ತು ಅಂಜಿದವನು ನಾಳೆ ಮತ್ತೊಂದು ನೆಪ ಹುಡುಕುತ್ತಾನೆ, ನನ್ನ ಗುಣ ನನಗೆ ಗೊತ್ತಿತ್ತು. ಬಿಡಲಿಲ್ಲ. ಬಾವಿಗೆ ಹೋಗುವುದೂ ನಿಲ್ಲಲಿಲ್ಲ, ಬಾಯಿಪಾಠಕ್ಕೆ ಹೊತ್ತೂ ಉಳಿಯಲಿಲ್ಲ.

ಸಾಹೇಬರು ಬಂದರು. ಗಾಳಿ ಜಾಗ ಹಿಡಿಯುತ್ತದೆ ಎನ್ನುವುದಕ್ಕೆ ಪುರಾವೆ ಏನು ಎಂದು ಉರ್ದುವಿನಲ್ಲಿ ಕೇಳಿದರು. ಒಬ್ಬ ಎದ್ದು ನಿಂತ. ಉರ್ದುವಿನಲ್ಲಿ ಎರಡು ಮಾತು ತಡವರಿಸಿ, ಕೈಬಿಟ್ಟು, ಕನ್ನಡಕ್ಕೆ ಇಳಿದ.

“ಬೋರಲ ಕೊಡದಾಗ ಹವಾ ಕುಂತೈತ್ರಿ. ಅದು ಎದ್ದು ಹೋಗೂತನಕ ನೀರಿಗೆ ಜಾಗ ಎಲ್ಲೈತ್ರಿ?”

ನನಗೆ ಎದೆ ತುಂಬಿ ಬಂತು. ಸಾಹೇಬರು ಮುಗುಳ್ನಕ್ಕರು, ನಗುತ್ತಲೇ ಬರೆದರು: ಮಕ್ಕಳ ಉರ್ದು ಕಚ್ಚಾ ಇದೆ, ಮಾಸ್ತರನನ್ನು ಇನ್ನೊಂದು ವರ್ಷ ನೋಡಬೇಕು.

ಆ ವಾರವೇ ಮಸ್ಕಿಗೆ ಹೋದೆ. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ನಾನೇ ಹೇಳುವುದು ಮೇಲು. ಕೊಡ, ಬಾವಿ, ಸಾಹೇಬರ ಷರಾ, ಯಾವುದನ್ನೂ ಮುಚ್ಚಿಡದೆ ಪಡಸಾಲೆಯಲ್ಲಿ ಕುಳಿತು ಹೇಳಿದೆ. ಮುಂದಿನ ವರ್ಷವೂ ಬಾವಿಗೇ ಹೋಗುವವನು ಎಂಬುದನ್ನೂ ಸೇರಿಸಿದೆ. ಆಕೆಯ ಅಪ್ಪ ಎಲೆಗೆ ಸುಣ್ಣ ಹಚ್ಚುತ್ತಾ ಕುಳಿತರು. ಸಂಬಂಧ ಮುರಿಯಿತು ಎಂದುಕೊಂಡು ನಾನು ರುಮಾಲು ಸರಿಮಾಡಿಕೊಂಡು ಎದ್ದೆ.

ಆಗ ಒಳಬಾಗಿಲ ಹಿಂದಿನಿಂದ ಆಕೆ ತನ್ನ ಅಪ್ಪನಿಗೆ ಹೇಳಿದಳು: “ಅಪ್ಪಾ, ಇಷ್ಟು ವರ್ಷ ಹಳ್ಳದಾಗ ಕೊಡ ಓರೆ ಮಾಡಿ ತುಂಬೀನಿ. ಯಾಕ ಓರೆ ಮಾಡಬೇಕಂತ ಇವತ್ತ ತಿಳೀತು. ಇನ್ನೊಂದು ವರ್ಷ ಕಾಯೋಣು.”

ಮರುವರ್ಷವೂ ಖಾಯಂ ಹುಕುಂ ಬರಲಿಲ್ಲ. ಆದರೂ ಮಗಳ ಹಟಕ್ಕೆ ಅಪ್ಪ ಮಣಿದರು, ಮದುವೆ ಆಯಿತು. ಹೊಸ ಹುಡುಗರನ್ನು ಕರೆದುಕೊಂಡು ಬಾವಿಗೆ ಹೋದೆ. ಕೊಡ ಆಕೆ ತವರಿನಿಂದ ತಂದದ್ದು.